ಎಡಗೈ

ಹೊಲಿಗೆ ಅಂಗಡಿ ಮುಚ್ಚಿ, ಹೆಂಡತಿ ಮಗಳನ್ನು ಕರೆದುಕೊಂಡು ಮಾವನ ಮನೆಗೆ ಬಂದು ಸೇರಿದ ಐದನೇ ತಿಂಗಳಲ್ಲಿ ಟೈಲರ್‌ಗೆ ಕೆಲಸ ಸಿಕ್ಕಿತು. ಕೊಟ್ಟವರು ಮಾವನೇ. ಊಟಕ್ಕೆ ಕೂತಾಗ, ತಟ್ಟೆ ನೋಡುತ್ತಲೇ ಹೇಳಿದರು.

“ನಾಳೆಯಿಂದ ಶೆಡ್ಡಿಗೆ ಬನ್ನಿ ಅಳಿಯಂದಿರೇ. ಮಷೀನಿನವನು ಬಿಟ್ಟು ಹೋದ.”

“ಯಾವತ್ತು?” ಅತ್ತೆ ಕೇಳಿದರು.

“ಇವತ್ತೇ. ದೊಡ್ಡ ಫ್ಯಾಕ್ಟರಿಯವರು ಕರೆದ್ರಂತೆ. ಹದಿನೆಂಟು ವರ್ಷ ಇದ್ದವನು, ಟೀ ಕುಡಿದು ಬರ್ತೀನಿ ಅಂತ ಹೋದೋನು ಹಾಗೇ ಹೋದ.”

“ಶಾಲೆಯ ಬೆಂಚು?”

“ಅದಕ್ಕೇ ಹೇಳ್ತಿರೋದು.”

ಮನೆಯ ಹಿಂದೆ ತಗಡಿನ ಶೆಡ್ಡಿನಲ್ಲಿ ಮಾವನ ಮರಗೆಲಸ. ಅರವತ್ತು ಬೆಂಚುಗಳನ್ನು ಎರಡು ತಿಂಗಳಲ್ಲಿ ಮಾಡಿಕೊಡುವುದಾಗಿ ಒಪ್ಪಿಕೊಂಡಿದ್ದರು. ಆದರೆ ಅವರ ಬಲಭುಜ ವರ್ಷದಿಂದ ಕೈಕೊಟ್ಟಿತ್ತು. ಅಂಗಿ ತೊಡಲೇ ಅತ್ತೆ ಬೇಕು. ಉದ್ದದ ಹಲಗೆಯನ್ನು ಗರಗಸದ ಮಷೀನಿಗೆ ಕೊಡುವುದು ದೂರದ ಮಾತು.

“ಅವರು ಟೈಲರ್ ಅಪ್ಪ,” ಎಂದಳು ಹೆಂಡತಿ.

“ಅಳತೆ ಗೊತ್ತು. ಕತ್ತರಿಸೋದು ಗೊತ್ತು. ಬಟ್ಟೆ ಆದ್ರೇನು, ಮರ ಆದ್ರೇನು?”

“ಬಟ್ಟೆ ಕತ್ತರಿ ತಿರುಗಲ್ಲ ತಾತ,” ಎಂದಳು ಮಗಳು ಪುಟ್ಟಿ. ಹದಿನಾರು ತುಂಬಿದರೂ ಮನೆಯಲ್ಲಿ ಅವಳು ಪುಟ್ಟಿಯೇ.

ಟೈಲರ್ ಹೂಂ ಅಂದ. ಐದು ತಿಂಗಳಿಂದ ಕೂತು ಉಂಡವನಿಗೆ ಊಹೂಂ ಅನ್ನಲು ಬಾಯಿ ಬರಲಿಲ್ಲ.

ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೊರಡಲು ತಲೆ ಬಾಚಿಕೊಳ್ಳುತ್ತ ಬೇರೊಂದು ಮಾತು ತೆಗೆದಳು. ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೌಂಟರಿನ ಕೆಲಸ ಅವಳದು. ಬಸ್ಸಿನಲ್ಲಿ ಮೂರು ಗಂಟೆ ದೂರದ ಊರಿನಲ್ಲಿ ಹೊಸ ಆಸ್ಪತ್ರೆ ತೆರೆಯುತ್ತಿದ್ದರು. ಅಲ್ಲಿ ಇಡೀ ಕೌಂಟರನ್ನು ನೋಡಿಕೊಳ್ಳಲು ಬರುತ್ತೀಯಾ ಎಂದು ಅವಳನ್ನು ಕೇಳಿದ್ದರು.

“ಎಲ್ಲರೂ ಹೋಗೋಣ. ಅಲ್ಲೊಂದು ಕೋಣೆ ಹಿಡಿದು ನೀವು ಹೊಲಿಗೆ ಹಾಕ್ಕೊಳ್ಳಿ. ಉತ್ತರ ಕೊಡಕ್ಕೆ ಇನ್ನೂ ಟೈಮಿದೆ.”

“ಬೆಂಚು ಮುಗೀಲಿ.”

“ನಿಮಗೆ ಆ ಮಷೀನು ಕಂಡ್ರೆ ಭಯ ಅಲ್ವಾ?”

“ಭಯ ಯಾತಕ್ಕೆ,” ಎಂದು ಟೈಲರ್ ಚಪ್ಪಲಿ ಹುಡುಕಿದ.

ಶೆಡ್ಡಿನ ನಡುವೆ ಕಬ್ಬಿಣದ ಮೇಜು. ಮೇಜಿನ ಸೀಳಿನಿಂದ ಮೇಲೆದ್ದ ಗುಂಡು ಗರಗಸ, ಊಟದ ತಟ್ಟೆಯಷ್ಟು ಅಗಲ. ನಿಂತಿರುವಾಗ ಒಂದೊಂದು ಹಲ್ಲನ್ನೂ ಎಣಿಸಬಹುದಿತ್ತು. ಗುಂಡಿ ಒತ್ತಿದರೆ ಹಲ್ಲೆಲ್ಲ ಮಾಯವಾಗಿ ಬರೀ ಒಂದು ಹೊಳಪು ಉಳಿಯುತ್ತಿತ್ತು, ಜೊತೆಗೆ ಒಂದು ಕಿರಿಚಾಟ. ಆ ಸದ್ದಿಗೆ ಟೈಲರ್‌ನ ದವಡೆ ತಾನಾಗಿಯೇ ಬಿಗಿದುಕೊಳ್ಳುತ್ತಿತ್ತು. ಅವನ ಹೊಲಿಗೆ ಮಷೀನು ಪೆಡಲ್ ಒತ್ತಿದಷ್ಟೇ ಓಡುತ್ತಿತ್ತು. ಇದಕ್ಕೆ ಮೆಲ್ಲಗೆ ಎನ್ನುವುದೇ ಇರಲಿಲ್ಲ.

ಮಾವನಿಗೆ ಎರಡು ನಾಲಿಗೆ ಇತ್ತು. ಮನೆಯೊಳಗೆ ‘ಅಳಿಯಂದಿರೇ, ಬನ್ನಿ, ಕೂತ್ಕೊಳ್ಳಿ.’ ಶೆಡ್ಡಿನ ಹೊಸ್ತಿಲು ದಾಟಿದರೆ ‘ಟೈಲರ್, ಆ ಹಲಗೆ ತಾ.’ ಟೈಲರ್‌ಗೆ ಇದರಿಂದ ಬೇಜಾರಾಗಲಿಲ್ಲ. ಮನೆಯೊಳಗಿನ ಮರ್ಯಾದೆಗಿಂತ ಇದೇ ಹಗುರ ಅನಿಸಿತು.

ಮೊದಲ ವಾರ ಅವನು ಮಷೀನೊಂದನ್ನು ಬಿಟ್ಟು ಉಳಿದ ಎಲ್ಲ ಕೆಲಸವನ್ನೂ ಮಾಡಿದ. ಹಲಗೆಗೆ ಗೀಟು ಹಾಕಿದ, ಮರಳು ಕಾಗದ ತಿಕ್ಕಿದ, ಅಂಟು ಕಲಸಿದ. ಇನ್ನೂರ ನಲವತ್ತು ಕಾಲುಗಳಿಗೆ ಗುರುತು ಮಾಡಿದರೂ ಒಂದೂ ತಪ್ಪಲಿಲ್ಲ. ಗರಗಸ ತಿನ್ನುವ ಅಗಲವನ್ನೂ ಲೆಕ್ಕಕ್ಕೆ ಹಿಡಿದು ಬಿಟ್ಟಿದ್ದ. ಹೊಲಿಗೆಗೆ ಬಟ್ಟೆ ಬಿಡುವವನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

“ಗೀಟು ಚೆನ್ನಾಗಿದೆ,” ಎಂದರು ಮಾವ. “ಈಗ ಕೊಯ್ಯಿ.”

“ಈ ಪುಡಿ ಒಂದು ಗುಡಿಸಿಬಿಡ್ತೀನಿ ಮಾವ.”

“ಎಷ್ಟು ಸಲ ಗುಡಿಸ್ತೀಯ? ನೆಲ ಸವೆದು ಹೋದೀತು.”

ಊಟದ ಹೊತ್ತಿಗೆ ಅತ್ತೆ ಬೆಂಚು ಎಷ್ಟಾಯಿತೆಂದು ಕೇಳಿದರೆ ಮಾವ, “ಶೆಡ್ಡು ಕನ್ನಡಿ ಥರ ಹೊಳೀತಿದೆ. ಬೆಂಚು ಒಂದೂ ಇಲ್ಲ,” ಎಂದರು. ಪುಟ್ಟಿ ನಕ್ಕು, ಅನ್ನ ನೆತ್ತಿಗೇರಿ ಕೆಮ್ಮಿದಳು. ಹೆಂಡತಿ ಮಾತ್ರ ನಗಲಿಲ್ಲ. ಅವಳು ಗಂಡನ ತಟ್ಟೆ ನೋಡುತ್ತಿದ್ದಳು. ಬಡಿಸಿದ್ದರಲ್ಲಿ ಅರ್ಧ ಹಾಗೇ ಇತ್ತು.

ಹತ್ತನೆಯ ದಿನ ತಪ್ಪಿಸಿಕೊಳ್ಳಲು ನೆಪ ಸಿಗಲಿಲ್ಲ. ಮಾವನೇ ಗುಂಡಿ ಒತ್ತಿ ಪಕ್ಕಕ್ಕೆ ನಿಂತರು. ಟೈಲರ್ ಹಲಗೆಯನ್ನು, ಅದು ನೇರ ಸಾಗಲೆಂದು ಇರುವ ಗೈಡು ಪಟ್ಟಿಗೆ ಒತ್ತಿ ಹಿಡಿದು ಬಲಗೈಯಿಂದ ತಳ್ಳಿದ. ಪುಡಿ ಮುಖಕ್ಕೆ ಹಾರಿತು. ಹಲಗೆ ಮುಂದೆ ಸರಿಯಿತು, ಇನ್ನೂ ಸರಿಯಿತು. ಪರವಾಗಿಲ್ಲ ಅನ್ನುವಷ್ಟರಲ್ಲಿ ಮಾವ ಕೂಗಿದರು.

“ಕೈ.”

ಟೈಲರ್ ನೋಡಿದ. ಅವನ ಎಡಗೈ ಗರಗಸದ ಪಕ್ಕದಿಂದ ಹಾದು ಅದರ ಹಿಂದಕ್ಕೆ ಹೋಗಿತ್ತು. ಅಲ್ಲಿ ಕೊಯ್ದ ಹಲಗೆಯ ತುದಿ ಹಿಡಿದು ಎಳೆಯುತ್ತಿತ್ತು. ಕಳಿಸಿದ್ದು ಯಾವಾಗ ಎಂದು ಅವನಿಗೇ ಗೊತ್ತಿರಲಿಲ್ಲ.

ಇಪ್ಪತ್ತೆರಡು ವರ್ಷ ಹೊಲಿಗೆ ಮಷೀನಿನ ಮುಂದೆ ದುಡಿದ ಕೈ ಅದು. ಬಲಗೈ ಬಟ್ಟೆಯನ್ನು ಸೂಜಿಯ ಕಡೆ ತಳ್ಳಿದರೆ, ಎಡಗೈ ಸೂಜಿಯ ಹಿಂದಕ್ಕೆ ಹೋಗಿ ಬಟ್ಟೆಯನ್ನು ಹಿಡಿದು ಮೆಲ್ಲಗೆ ತೆಗೆದುಕೊಳ್ಳಬೇಕು. ಹಾಗೆ ಮಾಡಿದರೇ ಹೊಲಿಗೆ ನೇರ. ಈಗ ಸೂಜಿಯ ಜಾಗದಲ್ಲಿ ಗರಗಸವಿತ್ತು, ಕೈ ಮಾತ್ರ ಹಳೆಯ ದಾರಿ ಹಿಡಿದಿತ್ತು.

“ಕೈ ತೆಗಿ ಅಂದೆ.”

“ಹಿಂದೆ ಹಿಡಿದ್ರೆ ಹಲಗೆ ನೇರ ಬರಲ್ವಾ ಮಾವ?”

“ತೆಗಿ ಅಂದ್ರೆ ತೆಗಿ. ಯಾಕೆ ಗೀಕೆ ಬೇಡ.”

ನಾಲ್ಕು ದಿನ ಹೀಗೇ ನಡೆಯಿತು. ಹಲಗೆಗೆ ಒಂದು ಸಲ ‘ಕೈ’ ಎಂಬ ಕೂಗು. ಮೊದಲು ಟೈಲರ್‌ಗೆ ಗರಗಸದ ಭಯವಿತ್ತು. ಈಗ ತನ್ನ ಕೈಯದೇ ಭಯ ಹಿಡಿಯಿತು. ಟೀ ಲೋಟ ಎತ್ತುವಾಗ, ಬಾಗಿಲು ತೆಗೆಯುವಾಗಲೂ ಎಡಗೈ ಏನು ಮಾಡುತ್ತಿದೆ ಎಂದು ನೋಡತೊಡಗಿದ.

ಐದನೆಯ ದಿನ ಮರದ ಲಾರಿ ಬಂತೆಂದು ಮಾವ ಗೇಟಿನ ಹತ್ತಿರ ಹೋಗಿದ್ದರು. ಟೈಲರ್ ಒಬ್ಬನೇ ಇದ್ದ. ಅರ್ಧ ಹಲಗೆ ಕೊಯ್ದಾಗಿತ್ತು. ಎಡಗೈ ಮತ್ತೆ ಹಿಂದಕ್ಕೆ ಹೋಯಿತು, ಎಳೆಯಿತು. ಹಲಗೆ ಒಂದು ಕೂದಲೆಳೆಯಷ್ಟು ಓರೆಯಾಯಿತು. ಅಷ್ಟೇ. ಗರಗಸ ಅದನ್ನು ಕಚ್ಚಿ ಮೇಲೆತ್ತಿ ಅವನ ಕಡೆಗೇ ಎಸೆಯಿತು. ಹಲಗೆಯ ತುದಿ ಟೈಲರ್‌ನ ಸೊಂಟಕ್ಕೆ ಬಡಿದು, ಹಿಂದಿನ ತಗಡಿಗೆ ಗುದ್ದಿ, ತಗಡಿನಲ್ಲಿ ತಗ್ಗು ಬಿತ್ತು. ಎಡಗೈಯ ಎರಡು ಬೆರಳುಗಳ ಚರ್ಮ ಸುಲಿದಿತ್ತು. ಬೆರಳುಗಳನ್ನು ಎಣಿಸಿದ. ಮತ್ತೊಮ್ಮೆ ಎಣಿಸಿದ. ಆಮೇಲೆ ಮಷೀನು ಆರಿಸಿ ಪುಡಿಯ ರಾಶಿಯ ಮೇಲೆ ಕೂತುಬಿಟ್ಟ.

ಮಾವ ಬಂದಾಗ ಟೈಲರ್, “ಹಲಗೆ ಜಾರಿತು,” ಎಂದ.

ಮಾವ ತಗಡಿನ ತಗ್ಗು ನೋಡಿದರು. ಅಳಿಯನ ಕೈ ನೋಡಿದರು. ಲಾರಿಯ ಚೀಟಿಯನ್ನು ಮೊಳೆಗೆ ಸಿಕ್ಕಿಸಿದರು.

ಸಂಜೆ ಅಂಗಿ ಬದಲಿಸುವಾಗ ಸೊಂಟದ ಕಪ್ಪು ಗುರುತು ಹೆಂಡತಿಯ ಕಣ್ಣಿಗೆ ಬಿತ್ತು.

“ಇದೇನ್ರೀ?”

“ಮೇಜಿನ ಮೂಲೆ ತಾಗ್ತು.”

“ಮೇಜಿನ ಮೂಲೆ ಅಂಗೈ ಅಗಲ ಇರುತ್ತಾ?”

ಅವಳು ಉತ್ತರಕ್ಕೆ ಕಾಯಲಿಲ್ಲ. ಎಲ್ಲರೂ ಊಟಕ್ಕೆ ಕೂತ ಮೇಲೆ ನಿಂತೇ ಹೇಳಿದಳು.

“ನಾಳೆಯಿಂದ ಇವರು ಶೆಡ್ಡಿಗೆ ಬರಲ್ಲ ಅಪ್ಪ.”

“ಅದನ್ನ ನಿನ್ನ ಗಂಡ ಹೇಳಲಿ.”

“ಅವರು ಹೇಳಲ್ಲ. ಹಂಗಿನ ಊಟ ಅಂತ ಬಾಯಿ ಕಟ್ಕೊಂಡು ಕೂತಿದಾರೆ. ಅವರ ಸೊಂಟ ನೋಡು, ಬದನೆಕಾಯಿ ಥರ ಆಗಿದೆ.”

“ಯಾರಿಗೆ ಆಗಿಲ್ಲ?” ಮಾವ ಎಡಗೈ ಎತ್ತಿ ತೋರಿಸಿದರು. ತೋರುಬೆರಳಿಗೆ ಎರಡು ಗೆಣ್ಣು ಇರಲಿಲ್ಲ. “ಮರದೊಳಗೆ ಮೊಳೆ ಇತ್ತು. ಬೆರಳು ಹೋಯ್ತು. ನಾನೇನು ಕೆಲಸ ಬಿಟ್ನಾ?”

“ತಾತ, ಕರೆಂಟು ಹೋಗಿ ತಟ್ಟನೆ ಬಂತು ಅಂತ ನನಗೆ ಹೇಳಿದ್ದೆ,” ಎಂದಳು ಪುಟ್ಟಿ.

“ಮೊಳೆಯೂ ಇಲ್ಲ, ಗಿಳೆಯೂ ಇಲ್ಲ,” ಎಂದರು ಅತ್ತೆ.

ಬಡಿಸುತ್ತಿದ್ದ ಸೌಟು ಅವರ ಕೈಯಲ್ಲೇ ಇತ್ತು. ಮಾವ ತಲೆ ಎತ್ತಿದರು.

“ಕರೆಂಟೂ ಹೋಗಿರಲಿಲ್ಲ. ಟೀ ತಗೊಂಡು ಹೋದವಳು ನಾನೇ, ಕಣ್ಣಾರೆ ನೋಡಿದೀನಿ. ಎಡಗೈನ ಗರಗಸದ ಹಿಂದೆ ಹಾಕಿ ಹಲಗೆ ಎಳೀತಿದ್ರಿ. ಬೇಗ ಮುಗಿಸ್ಬೇಕಿತ್ತಲ್ಲ.”

“ಊಟಕ್ಕೆ ಬಡಿಸು.”

“ಬಡಿಸ್ತೀನಿ. ಮೂವತ್ತೊಂದು ವರ್ಷ ಮೊಳೆ ಅಂದ್ರಿ, ಹೂಂ ಅಂದೆ. ಕರೆಂಟು ಅಂದ್ರಿ, ಹೂಂ ಅಂದೆ. ಈಗ ಇವರ ಬೆರಳೂ ಹೋಗೋ ತನಕ ಹೂಂ ಅನ್ಲಾ? ಕೈ ಯಾಕೆ ತೆಗೀಬೇಕು ಅಂತ ಒಂದು ಮಾತು ಹೇಳಿದೀರಾ ಅವರಿಗೆ?”

ಮಾವ ತಟ್ಟೆಯಲ್ಲಿದ್ದುದನ್ನು ಕೊನೆಯ ಅಗುಳಿನವರೆಗೂ ಉಂಡರು. ಎದ್ದು, ಎಂದೂ ಇಲ್ಲದವರು ತಟ್ಟೆಯನ್ನು ತಾವೇ ತೊಳೆದು ಬೋರಲು ಹಾಕಿ, ಅಂಗಿಯ ಗುಂಡಿ ಹಾಕದೆ ಹೊರಗೆ ಹೋದರು. ಅವರು ರಸ್ತೆಯ ತುದಿಯವರೆಗೆ ಹೋಗಿ ಬರುವುದು, ಮತ್ತೆ ಹೋಗುವುದು ಕಿಟಕಿಯಿಂದ ಕಾಣುತ್ತಿತ್ತು.

ಬೆಳಿಗ್ಗೆ ಟೈಲರ್ ಶೆಡ್ಡಿಗೆ ಹೋದ. ಹೋಗಬೇಡಿ ಎಂದು ಹೆಂಡತಿ ಹೇಳಿದ್ದಳು. ಯಾಕೆ ಹೋದೆ ಎಂದು ಅವನಿಗೂ ಸರಿಯಾಗಿ ತಿಳಿಯದು. ಮಾವ ಆಗಲೇ ಬಂದಿದ್ದರು. ಮಷೀನಿನ ಕರೆಂಟಿನ ಪಿನ್ನು ಗೋಡೆಯಿಂದ ಕಿತ್ತು ನೆಲದ ಮೇಲೆ ಹಾಕಿದ್ದರು.

“ಇಲ್ಲಿ ಬನ್ನಿ,” ಎಂದರು. ಶೆಡ್ಡಿನೊಳಗೆ ಆ ಮಾತು ಹೊಸದು. “ಮುಂದಿನ ಹಲ್ಲು ಮರನ ಕೆಳಕ್ಕೆ ಒತ್ತುತ್ತೆ, ಮೇಜಿನ ಮೇಲೇ ಇಟ್ಕೊಳ್ಳುತ್ತೆ. ಹಿಂದಿನ ಹಲ್ಲು ಮೇಲಕ್ಕೆ ಏಳುತ್ತೆ. ಹಿಂದೆ ಕೈ ಹಾಕಿ ಎಳೆದ್ರೆ ಹಲಗೆ ಓರೆಯಾಗುತ್ತೆ. ಓರೆಯಾದ್ರೆ ಹಿಂದಿನ ಹಲ್ಲು ಕಚ್ಚಿ ಎತ್ತಿ ನಮ್ಮ ಮೇಲೇ ಎಸೆಯುತ್ತೆ. ಆ ಹೊತ್ತಿಗೆ ಕೈ ಹಿಂದೆ ಇದ್ರೆ, ಹಲಗೆ ಜೊತೆಗೆ ಕೈನೂ ಗರಗಸಕ್ಕೆ ಬರುತ್ತೆ.” ಮೊಂಡು ತೋರುಬೆರಳನ್ನು ಗರಗಸದ ಹಿಂದೆ ಇಟ್ಟು ತೋರಿಸಿದರು. “ನನ್ನದು ಬಂತು.”

“ಹೂಂ ಮಾವ.”

“ಮೊದಲೇ ಹೇಳ್ಬೇಕಿತ್ತು.”

ಹತ್ತು ನಿಮಿಷದಲ್ಲಿ ಮಾವ ಮತ್ತೆ ‘ನೀನು’ಗೆ ಇಳಿದರು. ಆದರೆ ಪಿನ್ನು ಚುಚ್ಚಲಿಲ್ಲ. ಟೈಲರ್ ತನ್ನ ಹಳೆಯ ಡಬ್ಬಿಯಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಂದು, ಕಬ್ಬಿಣದ ಮೇಜಿನ ಮೇಲೆ ಗರಗಸಕ್ಕೆ ಒಂದು ಗೇಣು ಈಚೆ ಅಡ್ಡಗೆರೆ ಎಳೆದ. ಎಡಗೈ ಆ ಗೆರೆ ದಾಟಕೂಡದು. ಹಲಗೆಯ ಕೊನೆ ಬಂದಾಗ ಬಲಗೈಯೂ ದಾಟಕೂಡದು. ಅಲ್ಲಿಂದ ಮುಂದೆ ಕೋಲಿನಿಂದ ತಳ್ಳಬೇಕು. ತಿರುಗದ ಗರಗಸದ ಪಕ್ಕದಲ್ಲಿ, ಮೊದಲೇ ಸೀಳಿಟ್ಟ ಹಲಗೆಗಳನ್ನು ಅವನು ದಿನಗಟ್ಟಲೆ ತಳ್ಳಿದ.

ಮೂವತ್ತೊಂದು ವರ್ಷ ಒಳಗೆ ಕಾಲಿಡದಿದ್ದ ಅತ್ತೆ ಸೊಪ್ಪಿನ ಬುಟ್ಟಿ ಹಿಡಿದು ಬಂದು ಹಲಗೆಗಳ ಮೇಲೆ ಕೂತರು. ಸೊಪ್ಪು ಬಿಡಿಸುತ್ತ ಅವರು ನೋಡುತ್ತಿದ್ದುದು ಅಳಿಯನ ಎಡಗೈ ಒಂದನ್ನೇ.

“ಹೋಯ್ತು,” ಎನ್ನುತ್ತಿದ್ದರು. ಮತ್ತೆ ಸ್ವಲ್ಪ ಹೊತ್ತಿಗೆ, “ಹೋಯ್ತು.”

ಶಾಲೆಯಿಂದ ಬಂದ ಪುಟ್ಟಿಯೂ ಜೊತೆಯಾದಳು. “ಅಪ್ಪ, ಇವತ್ತು ಹದಿನಾಲ್ಕು ಸಲ. ನಿನ್ನೆ ಮೂವತ್ತು.”

ಹೆಂಡತಿ ಮಾತ್ರ ಶೆಡ್ಡಿನ ಕಡೆ ಸುಳಿಯಲಿಲ್ಲ. “ಸತ್ತ ಮಷೀನಿನ ಮುಂದೆ ಇನ್ನೆಷ್ಟು ದಿನ ಈ ನಾಟಕ?” ಎಂದು ಕೇಳಿದಳು. ಅವಳ ಬ್ಯಾಗಿನಲ್ಲಿದ್ದ ಹೊಸ ಆಸ್ಪತ್ರೆಯ ಅರ್ಜಿ ಮಡಿಸಿ ಮಡಿಸಿ ಮೆತ್ತಗಾಗಿತ್ತು. ಶಾಲೆಯವರು ಎರಡು ಸಲ ಫೋನು ಮಾಡಿದರು. ಮಾವ “ಕೊಡ್ತೀವಿ” ಎಂದು ಫೋನು ಇಟ್ಟರು.

ಅತ್ತೆ ಒಂದು ಬುಟ್ಟಿ ಸೊಪ್ಪನ್ನು ಒಮ್ಮೆಯೂ ‘ಹೋಯ್ತು’ ಎನ್ನದೆ ಬಿಡಿಸಿ ಮುಗಿಸಿದ ದಿನ ಮಾವ ಪಿನ್ನು ಚುಚ್ಚಿದರು. ಟೈಲರ್ ಹೊರಗೆ ಹೋಗಿ ಮುಖ ತೊಳೆದು ಬಂದ. ಗರಗಸ ಕಿರಿಚಿತು. ಹಲಗೆ ಸಾಗಿತು. ಎಡಗೈ ಗೆರೆಯ ಈಚೆ, ಗೈಡಿನ ಕಡೆಗೆ ಒತ್ತುತ್ತ ನಿಂತಲ್ಲೇ ನಿಂತಿತು. ಕೊನೆಯ ಗೇಣನ್ನು ಕೋಲಿನಿಂದ ತಳ್ಳಿದಾಗ ಹಲಗೆ ಎರಡಾಗಿ ಆಚೆ ಸರಿಯಿತು.

ಮಾವ ಅದರ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು. “ಇನ್ನೊಂದು,” ಎಂದರು.

ಆ ವಾರ ಹನ್ನೊಂದು ಬೆಂಚು ಎದ್ದು ನಿಂತವು. ಮುಂದಿನ ಎರಡು ವಾರಗಳಲ್ಲಿ ಮತ್ತೆ ಇಪ್ಪತ್ತೆರಡು. ಕಾಲಿನ ಕೀಲುಗಳನ್ನು ಮಾವ ಕೂತಲ್ಲೇ ಕೂಡಿಸಿದರು, ಪುಟ್ಟಿ ಮರಳು ಕಾಗದ ತಿಕ್ಕಿದಳು. ಟೈಲರ್ ಎರಡೆರಡು ಸಲ ಬಡಿಸಿಕೊಂಡು ಉಣ್ಣತೊಡಗಿದ. ಕಿವಿ ಮಂದವಾಗಿ ಊಟದ ಹೊತ್ತಿನಲ್ಲಿ ಕೂಗಿ ಮಾತಾಡುತ್ತಿದ್ದ. ಭಯ ಹೋಗಿರಲಿಲ್ಲ. ಅದು ಇರಲಿ ಎಂದು ಬಿಟ್ಟಿದ್ದ.

ಆಸ್ಪತ್ರೆಗೆ ಉತ್ತರ ಕೊಡಲು ಎರಡು ದಿನ ಉಳಿದಿದ್ದ ಭಾನುವಾರ ಹೆಂಡತಿ ಅವನ ಹೊಲಿಗೆ ಮಷೀನನ್ನು ಕಿಟಕಿಯ ಹತ್ತಿರಕ್ಕೆ ಎಳೆದು, ಧೂಳು ಒರೆಸಿ, ಎಣ್ಣೆ ಬಿಟ್ಟು, ತನ್ನ ಬಿಳಿ ಕೋಟನ್ನು ತಂದಿಟ್ಟಳು.

“ತೋಳು ಉದ್ದ ಆಗಿದೆ. ಅರ್ಧ ಇಂಚು ಒಳಗೆ ಹಾಕಿಕೊಡಿ.”

ಬರೀ ತೋಳಿನ ಮಾತಲ್ಲ ಇದು ಎಂದು ಟೈಲರ್‌ಗೆ ಗೊತ್ತಾಯಿತು. ಕೂತು ದಾರ ಪೋಣಿಸಿದ. ನಾಲ್ಕು ಇಂಚು ಓಡಿಸುವಷ್ಟರಲ್ಲಿ ಬಟ್ಟೆ ಸುಕ್ಕು ಹಿಡಿಯಿತು. ಬಿಚ್ಚಿ ಮತ್ತೆ ಹೊಲಿದ. ಹೊಲಿಗೆ ಸೊಟ್ಟಗೆ ಹೋಯಿತು. ಮೂರನೆಯ ಸಲ ಬಿಚ್ಚುವಾಗ ಅವನ ಕತ್ತು ಬೆವರಿತ್ತು.

“ತಮಾಷೆ ಮಾಡ್ತಿದೀರಾ?”

“ಇಲ್ಲ ಕಣೆ. ಎಡಗೈ ಹಿಂದಕ್ಕೆ ಹೋಗ್ತಿಲ್ಲ.”

“ಹೋಗು ಅಂತ ಹೇಳಿ.”

“ಹೇಳ್ದೆ. ಅರ್ಧ ದಾರಿಗೆ ಹೋಗಿ ವಾಪಸ್ ಬರುತ್ತೆ.”

ಅವಳು ಮಂಚದ ಮೇಲೆ ಕೂತಳು. “ಹೋದ ವಾರ ರಜೆ ಹಾಕಿ ಅಲ್ಲಿಗೆ ಹೋಗಿದ್ದೆ. ಕೋಣೆ ನೋಡಿ ಬಂದೆ. ಕಿಟಕಿ ರಸ್ತೆ ಕಡೆಗಿದೆ, ಒಳ್ಳೆ ಬೆಳಕು. ನಿಮ್ಮ ಮಷೀನಿಗೆ ಅಂತ.”

“ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?”

“ಸೊಂಟಕ್ಕೆ ಪೆಟ್ಟಾದಾಗ ನೀವು ಹೇಳಿದ್ರಾ?”

ಟೈಲರ್ ಕೈಯಲ್ಲಿದ್ದ ದಾರದ ಚೂರುಗಳನ್ನು ಉಂಡೆ ಕಟ್ಟಿದ.

“ಒಂದು ತಿಂಗಳು ಕೂತ್ರೆ ಮತ್ತೆ ಬರುತ್ತೆ ಅಲ್ವಾ?” ಎಂದಳು. ದನಿ ಇಳಿದಿತ್ತು.

“ಬರಬಹುದು. ಬಂದ ಮೇಲೆ ಶೆಡ್ಡಿನ ಕಡೆ ಹೋಗೋ ಹಾಗಿಲ್ಲ. ಇಲ್ಲಿ ಹೋಗು, ಅಲ್ಲಿ ಹೋಗ್ಬೇಡ ಅಂದ್ರೆ ಈ ಕೈಗೆ ತಿಳಿಯಲ್ಲ. ಯಾವತ್ತಾದ್ರೂ ಒಂದಿನ ಅದಲು ಬದಲಾಗುತ್ತೆ.”

“ನಿಮಗೆ ಯಾವುದು ಬೇಕು?”

ಕತ್ತರಿಸಿದಂತೆ ಕೇಳಿದಳು ಅನಿಸಿತು ಅವನಿಗೆ. ಆದರೆ ಅವಳ ಮುಖದಲ್ಲಿ ಕೋಪವಿರಲಿಲ್ಲ.

“ನಮ್ಮಂಥ ಟೈಲರುಗಳ ಕೆಲಸ ಮುಗೀತು. ಅಲ್ಲಿ ಹೋದ್ರೂ ತೋಳು ಗಿಡ್ಡ ಮಾಡೋದೇ ಸಿಗೋದು,” ಎಂದ. “ನನಗೆ ಇದು ಬೇಕು.”

ಅವಳು ಕೋಟನ್ನು ತೆಗೆದುಕೊಂಡು, ಸೂಜಿ ದಾರ ಹುಡುಕಿ, ತಾನೇ ಕೈಯಲ್ಲಿ ಹೊಲಿಯತೊಡಗಿದಳು. ಒಂದು ತೋಳು ಮುಗಿಸಿ ದಾರ ಕಡಿದು ಹೇಳಿದಳು.

“ನಾನು ಹೋಗ್ತೀನಿ. ಈಗ ಬೇಡ ಅಂದ್ರೆ ಮತ್ತೆ ಕೇಳಲ್ಲ ಅವರು. ಶನಿವಾರ ಬರ್ತೀನಿ, ಸೋಮವಾರ ಹೋಗ್ತೀನಿ.”

ಅತ್ತೆಗೆ ಇದು ಹಿಡಿಸಲಿಲ್ಲ. “ಗಂಡ ಇಲ್ಲಿ, ಹೆಂಡತಿ ಅಲ್ಲಿ, ಇದ್ಯಾವ ಸೀಮೆ ಸಂಸಾರ?” ಎಂದು ಪಾತ್ರೆ ಕುಕ್ಕಿದರು. “ನಾನು?” ಎಂದಳು ಪುಟ್ಟಿ. “ಪರೀಕ್ಷೆ ಮುಗಿಯೋ ತನಕ ಇಲ್ಲೇ. ಆಮೇಲೆ ನೋಡೋಣ,” ಎಂದಳು ಅವಳಮ್ಮ. ಪುಟ್ಟಿ ಎದ್ದು ಹೋಗಿ ಬಾಗಿಲು ಹಾಕಿಕೊಂಡಳು. ಮಾವ ಮಗಳನ್ನು ನೋಡಿ, ಅಳಿಯನನ್ನು ನೋಡಿ, ನೀರು ಕುಡಿದರು.

ಹದಿನೈದು ದಿನ ಕಳೆದ ಸೋಮವಾರ ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಟೈಲರ್ ಅವಳನ್ನು ಹತ್ತಿಸಿದ. ಎರಡು ಚೀಲ, ಒಂದು ಹಾಸಿಗೆ ಸುರುಳಿ. ಕಿಟಕಿಯಿಂದ ಅವಳು, “ಕೈ ನೋಡ್ಕೊಳ್ಳಿ,” ಎಂದಳು. ಬಸ್ಸು ತಿರುವು ದಾಟಿದ ಮೇಲೂ ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ.

ಶೆಡ್ಡಿಗೆ ಬಂದು ಹಲಗೆ ಎತ್ತಿ ಮೇಜಿನ ಮೇಲಿಟ್ಟ. ಕೊನೆಯ ನಾಲ್ಕು ಬೆಂಚು. ಗೈಡು ಸರಿಪಡಿಸಿದ. ಕೋಲನ್ನು ಕೈಗೆಟಕುವಲ್ಲಿ ಇಟ್ಟುಕೊಂಡ. ಗುಂಡಿಯ ಮೇಲೆ ಬೆರಳಿಟ್ಟವನು ಒತ್ತದೆ ನಿಂತ.

“ಏನು ನಿಂತೆ?” ಎಂದರು ಮಾವ.

“ಮನಸ್ಸು ಇಲ್ಲಿಲ್ಲ ಮಾವ.”

ಮಾವ ಅವನ ಮುಖ ನೋಡಿದರು. ಎದ್ದು ಬಂದು, ಸರಿಯಿರುವ ಭುಜದ ಕೈಯಿಂದ ಪಿನ್ನು ಕಿತ್ತರು.

“ಹಾಗಾದ್ರೆ ಕೊಯ್ಯೋದು ಬೇಡ. ಕೊಯ್ದಿಟ್ಟಿರೋದಕ್ಕೆ ಅಂಟು ಹಚ್ಚೋಣ. ಅದಕ್ಕೆ ಅರ್ಧ ಮನಸ್ಸಿದ್ರೂ ಸಾಕು.”

ಇಬ್ಬರೂ ಎದುರುಬದುರು ಕೂತು ಅಂಟು ಹಚ್ಚಿದರು. ಕೀಲು ಕೂಡಿಸಿ ಹಗ್ಗ ಬಿಗಿದರು. ಹನ್ನೊಂದೂಮುಕ್ಕಾಲಿಗೆ ಫೋನು ಬಂತು.

“ಇಳಿದೆ,” ಎಂದಳು ಹೆಂಡತಿ.

ಟೈಲರ್ ಕೈಯ ಅಂಟನ್ನು ಚಿಂದಿಗೆ ಒರೆಸಿಕೊಂಡು, ಎದ್ದು ಹೋಗಿ ಪಿನ್ನು ಚುಚ್ಚಿದ.